ಮಣ್ಣಿನಲ್ಲಿ ಹೂತಿಟ್ಟ ಬೈಬಲ್

ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಪಾದ್ರಿಯ ಹೆಸರನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಕೇಳಿರಬಹುದು. ಕನ್ನಡಕ್ಕೆ ಬೈಬಲನ್ನು ತರಲು ದುಡಿದವರಲ್ಲಿ ಆತ ಮೊದಲಿಗರು. ಅವರನ್ನು ಕಳಿಸಿದ ಲಂಡನ್ ಮಿಷನರಿ ಸೊಸೈಟಿಯೇ ಹಿಂದೂ ಮಹಾಸಾಗರದ ಆಚೆ ದಂಡೆಯ ಮಡಗಾಸ್ಕರ್ ದ್ವೀಪಕ್ಕೂ ಜನರನ್ನು ಕಳಿಸಿತ್ತು. ಬಳ್ಳಾರಿಯ ಕಥೆ ಶಾಂತವಾಗಿ ಸಾಗಿತು. ಮಡಗಾಸ್ಕರಿನದು ಹಾಗಾಗಲಿಲ್ಲ.

ವೇಲ್ಸ್ ಸೀಮೆಯ ಡೇವಿಡ್ ಜೋನ್ಸ್ ಮತ್ತು ಥಾಮಸ್ ಬೆವನ್ ಅಲ್ಲಿಗೆ ಬಂದಿಳಿದದ್ದು 1818ರಲ್ಲಿ. ಕೆಲವೇ ತಿಂಗಳಲ್ಲಿ ಜ್ವರ ಎರಡೂ ಸಂಸಾರಗಳನ್ನು ನುಂಗಿತು. ಉಳಿದವರು ಜೋನ್ಸ್ ಒಬ್ಬರೇ. 1820ರಲ್ಲಿ ಅವರು ರಾಜಧಾನಿ ಅಂತನನರಿವೊಗೆ ಹೋಗಿ ಶಾಲೆ ತೆರೆದರು. ದೊರೆ ಮೊದಲನೆಯ ರದಾಮ ಬೆಂಬಲ ಕೊಟ್ಟ. ಮಲಗಾಸಿ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯಲು ವ್ಯಂಜನಗಳಿಗೆ ಇಂಗ್ಲಿಷ್ ರೀತಿ, ಸ್ವರಗಳಿಗೆ ಫ್ರೆಂಚ್ ರೀತಿ ಎಂದು 1823ರಲ್ಲಿ ತೀರ್ಮಾನವಾಯಿತು. ನಮ್ಮ ಕಚೇರಿಯ ಸಂಧಾನಗಳ ಹಾಗೆಯೇ ಇದೂ ಒಂದು!

ರದಾಮ 1828ರಲ್ಲಿ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದವಳು ಮೊದಲನೆಯ ರನವಲೋನ. ಅವಳನ್ನು ಬರೀ ಕ್ರೂರಿ ಎಂದು ಚಿತ್ರಿಸುವುದು ನಮಗೆ ಸರಿಕಾಣುವುದಿಲ್ಲ. ಪೂರ್ವಜರ ಪೂಜೆಯ ಮೇಲೆ ನಿಂತ ಸಿಂಹಾಸನಕ್ಕೆ ಪರದೇಶಿಗಳ ಧರ್ಮ ಕುತ್ತು ತಂದೀತೆಂಬ ಅವಳ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ಅಕ್ಷರವನ್ನಂತೂ ಅವಳು ಬಿಡಲಿಲ್ಲ. ಓದುಬರಹ ಬಲ್ಲವರನ್ನು ಸರ್ಕಾರದ ಲೆಕ್ಕಪತ್ರಕ್ಕೆ ಇಟ್ಟುಕೊಂಡಳು. ಆದರೆ 1835ರ ಮಾರ್ಚ್ 1ರಂದು ಜನರನ್ನೆಲ್ಲ ನೆರೆಸಿ, ತನ್ನ ಪ್ರಜೆಗಳಾರೂ ಕ್ರೈಸ್ತ ಪ್ರಾರ್ಥನೆ ಮಾಡಕೂಡದೆಂದು ಆಜ್ಞೆ ಹೊರಡಿಸಿದಳು. ಪುಸ್ತಕಗಳನ್ನು ಒಪ್ಪಿಸಬೇಕಾಯಿತು.

ಆಗಿನ್ನೂ ಬೈಬಲಿನ ಅಚ್ಚು ಮುಗಿದಿರಲಿಲ್ಲ. ಸ್ಥಳೀಯ ಕೆಲಸಗಾರರು ಮುದ್ರಣಾಲಯಕ್ಕೆ ಕಾಲಿಡುವಂತಿಲ್ಲ. ಪಾದ್ರಿಗಳೇ ಮೊಳೆ ಜೋಡಿಸಿ, ತಾವೇ ಯಂತ್ರ ತಿರುಗಿಸಿ, ಆ ಜೂನ್ ತಿಂಗಳಲ್ಲಿ ಕೆಲಸ ಪೂರೈಸಿದರು. 1836ರಲ್ಲಿ ಕೊನೆಯ ಪಾದ್ರಿಗಳು ದ್ವೀಪ ಬಿಡುವಾಗ ಸುಮಾರು 70 ಬೈಬಲ್‌ಗಳನ್ನು ಬಚ್ಚಿಡಲಾಯಿತು.

ಮುಂದಿನ ಇಪ್ಪತ್ತೈದು ವರ್ಷ ಅಲ್ಲಿ ಗುರುಗಳಿಲ್ಲ, ದೇವಾಲಯವಿಲ್ಲ. ಇದ್ದದ್ದು ಆ ಪುಸ್ತಕಗಳು. ಹಗಲು ಮಣ್ಣಿನೊಳಗೆ ಅಥವಾ ಗುಹೆಯಲ್ಲಿ. ರಾತ್ರಿ ಹೊರತೆಗೆದು ಓದು. ಹಾಳೆ ಹರಿದರೆ ತೇಪೆ ಹಾಕಿದರು. ಪುಸ್ತಕ ಸಿಗದವರು ಭಾಗಗಳನ್ನು ಕೈಯಲ್ಲಿ ನಕಲು ಮಾಡಿಕೊಂಡರು. ವೊನಿಜೊಂಗೊ ಸೀಮೆಯಲ್ಲಿ ಕೆಲಸ ಮಾಡಿದ ಪಾದ್ರಿ ಟಿ. ಟಿ. ಮ್ಯಾಥ್ಯೂಸ್ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಅಲ್ಲಿ ಸಿಡುಬಿನ ರೋಗಿಗಳನ್ನು ಇಡುತ್ತಿದ್ದ ಗುಹೆಯೊಂದರಲ್ಲಿ ಬೈಬಲನ್ನು ಅಡಗಿಸಿದ್ದರಂತೆ. ಹುಡುಕಲು ಬಂದ ರಾಜಭಟರು ಸಿಡುಬು ಎಂದು ಕೇಳಿದೊಡನೆ ಹಿಂದಿರುಗಿದರು. ಯಾರ ಬುದ್ಧಿಯೋ, ಮೆಚ್ಚಲೇಬೇಕು.

ಎಲ್ಲರೂ ಹೀಗೆ ಪಾರಾಗಲಿಲ್ಲ. 1837ರ ಆಗಸ್ಟ್‌ನಲ್ಲಿ ರಸಲಾಮ ಎಂಬ ಹೆಂಗಸನ್ನು ಈಟಿಯಿಂದ ತಿವಿದು ಕೊಂದರು. ದಾರಿಯುದ್ದಕ್ಕೂ ಅವಳು ಕೀರ್ತನೆ ಹಾಡುತ್ತ ನಡೆದಳು. 1849ರ ಮಾರ್ಚ್‌ನಲ್ಲಿ 14 ಮಂದಿಯನ್ನು ರಾಜಧಾನಿಯ ಕಡಿದಾದ ಬಂಡೆಯಿಂದ ಕೆಳಕ್ಕೆ ತಳ್ಳಿದರು, ನಾಲ್ವರು ಕುಲೀನರನ್ನು ಸುಟ್ಟರು. ದಂಡ ತೆತ್ತವರು, ಗುಲಾಮರಾದವರು ಇನ್ನೂ ಹೆಚ್ಚು.

ಇಷ್ಟಾದರೂ ಪುಸ್ತಕ ಬಿಡಲಿಲ್ಲವೇಕೆ? ನಮಗೆ ತೋರುವುದಿಷ್ಟು: ಅದು ಅವರ ಮನೆಮಾತಿನಲ್ಲಿತ್ತು. ಯಾರೋ ಅರ್ಥ ಹೇಳಬೇಕಾದ ಗ್ರಂಥವಾಗಿದ್ದರೆ ಹೇಳುವವರು ಹಡಗು ಹತ್ತಿದ ದಿನವೇ ಅದು ಮೂಕವಾಗುತ್ತಿತ್ತು. ತಾಯಿ ಮಗುವಿನೊಡನೆ ಆಡುವ ಮಾತಿನಲ್ಲೇ ಕಷ್ಟಕಾಲದ ಸಾಂತ್ವನವೂ ಸಿಕ್ಕಿತು. ಹೊರನಾಡಿನಲ್ಲಿ ಕನ್ನಡ ಓದಿಸಲು ಮಕ್ಕಳ ಬೆನ್ನು ಹತ್ತುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರನವಲೋನ 1861ರಲ್ಲಿ ಕಾಲವಾದಳು. ಮರುವರ್ಷ ಹಿಂದಿರುಗಿದ ಪಾದ್ರಿಗಳು ಕಂಡ ಕ್ರೈಸ್ತರ ಸಂಖ್ಯೆ ಅವರು ಬಿಟ್ಟುಹೋಗಿದ್ದಕ್ಕಿಂತ ಹಲವು ಪಟ್ಟು. 1868ರಲ್ಲಿ ಎರಡನೆಯ ರನವಲೋನಳ ಪಟ್ಟಾಭಿಷೇಕವಾದಾಗ ಅವಳ ಪಕ್ಕದ ಮೇಜಿನ ಮೇಲೆ ಮಲಗಾಸಿ ಬೈಬಲ್ ಇತ್ತು.