ಬೈಬಲ್ ಒಂದೇ ಮಾತಿನಲ್ಲಿ ದಾಟಿಹೋದ ಊರು

ಹಳೆಯ ಒಡಂಬಡಿಕೆಯ ಎರಡನೆಯ ಅರಸುಗಳ ಪುಸ್ತಕದಲ್ಲಿ, ಹದಿನೆಂಟು ಮತ್ತು ಹತ್ತೊಂಬತ್ತನೇ ಅಧ್ಯಾಯಗಳಲ್ಲಿ, ಒಂದು ಯುದ್ಧದ ಕತೆ ಬರುತ್ತದೆ. ಅಸ್ಸೀರಿಯದ ದೊರೆ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬರುತ್ತಾನೆ. ಕೋಟೆಯಿದ್ದ ಊರುಗಳೆಲ್ಲ ಅವನ ವಶವಾಗುತ್ತವೆ. ಜೆರುಸಲೇಮಿನಲ್ಲಿರುವ ಅರಸ ಹಿಜ್ಕೀಯ ಬೊಕ್ಕಸ ಬರಿದು ಮಾಡಿ ಕಪ್ಪ ಕಳಿಸುತ್ತಾನೆ. ಆದರೂ ಅಸ್ಸೀರಿಯದ ಸೈನ್ಯ ಕೋಟೆಬಾಗಿಲಿಗೆ ಬಂದು ನಿಲ್ಲುತ್ತದೆ. ಪ್ರವಾದಿ ಯೆಶಾಯ ಅರಸನಿಗೆ ಧೈರ್ಯ ಹೇಳುತ್ತಾನೆ. ಒಂದು ರಾತ್ರಿ ದೇವದೂತ ಬಂದು ಶತ್ರುಪಾಳೆಯದಲ್ಲಿ 1,85,000 ಮಂದಿಯನ್ನು ಕೊಲ್ಲುತ್ತಾನೆ. ಸನ್ಹೇರೀಬ ತನ್ನೂರಿಗೆ ಮರಳುತ್ತಾನೆ. ಜೆರುಸಲೇಮ್ ಉಳಿಯುತ್ತದೆ.

ಇದೇ ಕತೆಯಲ್ಲಿ ಲಾಕೀಷ್ ಎಂಬ ಇನ್ನೊಂದು ಊರಿನ ಹೆಸರೂ ಇದೆ. ಹಿಜ್ಕೀಯ ಲಾಕೀಷಿನಲ್ಲಿದ್ದ ಸನ್ಹೇರೀಬನಿಗೆ ಹೇಳಿ ಕಳಿಸಿದ, ಸನ್ಹೇರೀಬ ಲಾಕೀಷಿನಿಂದ ಜೆರುಸಲೇಮಿಗೆ ದಂಡು ಕಳಿಸಿದ, ಆಮೇಲೆ ಲಾಕೀಷನ್ನು ಬಿಟ್ಟು ಮುಂದೆ ಹೊರಟ. ಅಷ್ಟೇ. ಆ ಊರಿನಲ್ಲಿ ಏನು ನಡೆಯಿತು, ಅಲ್ಲಿದ್ದವರ ಗತಿ ಏನಾಯಿತು ಎಂಬ ಮಾತಿಲ್ಲ. ಭಕ್ತಿಯಿಂದ ಓದುವವರಾಗಲಿ ಕತೆಗಾಗಿ ಓದುವವರಾಗಲಿ ಈ ಹೆಸರಿನ ಬಳಿ ನಿಲ್ಲುವುದಿಲ್ಲ. ಕಣ್ಣು ಜೆರುಸಲೇಮಿನ ಮೇಲಿರುತ್ತದೆ. ಭೂಪಟವನ್ನು ಪಕ್ಕದಲ್ಲಿಟ್ಟುಕೊಂಡು ಓದುವವರನ್ನು ಮಾತ್ರ ಈ ಹೆಸರು ತಡೆದು ನಿಲ್ಲಿಸುತ್ತದೆ. ಲೋಕವನ್ನೇ ನಡುಗಿಸುತ್ತಿದ್ದ ದೊರೆ ರಾಜಧಾನಿಯನ್ನು ಬಿಟ್ಟು ಈ ಊರಿನ ಮುಂದೆ ಯಾಕೆ ಬೀಡುಬಿಟ್ಟ?

ಉತ್ತರ ನೆಲದಲ್ಲಿದೆ. ಮೆಡಿಟರೇನಿಯನ್ ಕರಾವಳಿಯಿಂದ ಪೂರ್ವಕ್ಕೆ ಹೊರಟರೆ ಮೊದಲು ಸಿಗುವುದು ಬಯಲು, ನಂತರ ತಗ್ಗು ಗುಡ್ಡಗಳ ಪಟ್ಟಿ, ಆಮೇಲೆ ಹೆಬ್ರೋನ್ ಮತ್ತು ಜೆರುಸಲೇಮ್ ಇರುವ ಎತ್ತರದ ಬೆಟ್ಟಸಾಲು. ಆ ಕಾಲದಲ್ಲಿ ಬಯಲು ಫಿಲಿಷ್ಟಿಯರದು, ಬೆಟ್ಟ ಯೆಹೂದದ್ದು. ನಡುವಿನ ತಗ್ಗು ಗುಡ್ಡಗಳ ಸೀಮೆಗೆ ಹೀಬ್ರೂ ಭಾಷೆಯಲ್ಲಿ ಶೆಫೇಲ ಎಂದು ಹೆಸರು. ಈ ಗುಡ್ಡಗಳನ್ನು ಸೀಳಿಕೊಂಡು ಕೆಲವು ಕಣಿವೆಗಳು ಹರಿದಿವೆ. ಬಯಲಿನಿಂದ ಬೆಟ್ಟ ಹತ್ತಬೇಕಾದ ಸೈನ್ಯಕ್ಕೆ ಅವೇ ದಾರಿ. ದಾವೀದ ಮತ್ತು ಗೊಲ್ಯಾತರ ಕತೆ ನಡೆಯುವ ಏಲಾ ಕಣಿವೆ ಇವುಗಳಲ್ಲಿ ಒಂದು. ಲಾಕೀಷ್ ಇರುವುದು ಇನ್ನೂ ದಕ್ಷಿಣದಲ್ಲಿ, ಹೆಬ್ರೋನಿಗೆ ಹತ್ತುವ ದಾರಿಯ ಕಾವಲಿಗೆ. ಜೆರುಸಲೇಮಿನಿಂದ ನೈರುತ್ಯಕ್ಕೆ ಸುಮಾರು 40 ಕಿಲೋಮೀಟರ್.

ಕ್ರಿ.ಪೂ. 701ರಲ್ಲಿ ಸನ್ಹೇರೀಬ ಕರಾವಳಿಯ ಊರುಗಳನ್ನು ಬಗ್ಗಿಸುತ್ತ ಉತ್ತರದಿಂದ ಇಳಿದು ಬಂದ. ಹಿಜ್ಕೀಯನ ಬೆಂಬಲಕ್ಕೆ ಈಜಿಪ್ಟ್ ಇತ್ತು. ಈಜಿಪ್ಟಿನ ಕಡೆಯ ದಾರಿಯನ್ನು ಕಟ್ಟಿಹಾಕಿ, ಶೆಫೇಲದ ಕೋಟೆಗಳನ್ನು ಒಂದೊಂದಾಗಿ ತೆಗೆದರೆ ಬೆಟ್ಟದ ಮೇಲಿನ ರಾಜಧಾನಿ ಒಂಟಿಯಾಗುತ್ತದೆ. ಕಾಳು, ಎಣ್ಣೆ, ದ್ರಾಕ್ಷಾರಸ ಬರುತ್ತಿದ್ದ ಫಲವತ್ತಾದ ನೆಲವೂ ಇದೇ. ದಿಬ್ಬದ ನೆತ್ತಿಯಲ್ಲಿ ನಿಂತು ನೋಡಿದಾಗ ನನಗೆ ಇದು ಯಾವ ವ್ಯಾಖ್ಯಾನದ ನೆರವೂ ಇಲ್ಲದೆ ತಿಳಿಯಿತು. ಪಶ್ಚಿಮಕ್ಕೆ ಬಯಲು ತೆರೆದುಕೊಳ್ಳುತ್ತದೆ, ಪೂರ್ವಕ್ಕೆ ಹೆಬ್ರೋನಿನ ಬೆಟ್ಟಗಳು ಗೋಡೆಯಂತೆ ನಿಂತಿವೆ. ಸುತ್ತ ಈಗ ದ್ರಾಕ್ಷಿತೋಟಗಳು. ಜೆರುಸಲೇಮ್ ಬೇಕಾದವನು ಮೊದಲು ಇಲ್ಲಿ ಲೆಕ್ಕ ಚುಕ್ತಾ ಮಾಡಬೇಕಿತ್ತು.

ಈ ಯುದ್ಧಕ್ಕೆ ಇನ್ನೊಂದು ಕಡೆಯ ದಾಖಲೆಯೂ ಇದೆ. ಇಂದಿನ ಇರಾಕಿನ ಮೋಸುಲ್ ಬಳಿಯ ನಿನೆವೆಯಲ್ಲಿ 1830ರಲ್ಲಿ ಸಿಕ್ಕ ಆರು ಮುಖಗಳ ಜೇಡಿಮಣ್ಣಿನ ಸ್ತಂಭ ಅದು. ಟೇಲರ್ ಪ್ರಿಸಂ ಎಂದು ಅದರ ಹೆಸರು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬೆಣೆಲಿಪಿಯಲ್ಲಿ ಸನ್ಹೇರೀಬ ತನ್ನ ದಂಡಯಾತ್ರೆಗಳನ್ನು ಬರೆಸಿದ್ದಾನೆ. ಹಿಜ್ಕೀಯನ 46 ಕೋಟೆಯ ಊರುಗಳನ್ನು ಗೆದ್ದೆ, 2,00,150 ಜನರನ್ನು ಹೊರಗೆಳೆದು ತಂದೆ, ಅರಸನನ್ನು ಪಂಜರದ ಹಕ್ಕಿಯ ಹಾಗೆ ಜೆರುಸಲೇಮಿನಲ್ಲಿ ಕೂಡಿಹಾಕಿದೆ ಎನ್ನುತ್ತಾನೆ. ಕಪ್ಪದ ಲೆಕ್ಕವೂ ಇದೆ: ಬಂಗಾರ 30 ತಲಾಂತು, ಬೆಳ್ಳಿ 800 ತಲಾಂತು. ಬೈಬಲ್ ಹೇಳುವ ಲೆಕ್ಕ ಬಂಗಾರ 30, ಬೆಳ್ಳಿ 300. ಬಂಗಾರದ ಅಂಕಿ ಎರಡೂ ಕಡೆ ಒಂದೇ. ಪ್ರಶಸ್ತಿ ಶಾಸನಗಳನ್ನು ಓದಿ ರೂಢಿಯಿದ್ದವರಿಗೆ ಇಲ್ಲಿ ಯಾವುದನ್ನು ಎಷ್ಟು ನಂಬಬೇಕೆಂದು ಹೇಳಬೇಕಾಗಿಲ್ಲ. ಎರಡು ಲಕ್ಷದ ಅಂಕಿಯನ್ನು ಇತಿಹಾಸಕಾರರು ಯಥಾವತ್ ಒಪ್ಪುವುದಿಲ್ಲ. ಆದರೆ ದೊರೆ ಹೇಳದೆ ಬಿಟ್ಟದ್ದೇ ಹೆಚ್ಚು ಮುಖ್ಯ. ಜೆರುಸಲೇಮನ್ನು ಗೆದ್ದೆ ಎಂದು ಅವನು ಎಲ್ಲಿಯೂ ಹೇಳುವುದಿಲ್ಲ. ದೇವದೂತನ ವಿಷಯ ಬೈಬಲ್ ಮಾತ್ರ ಹೇಳುತ್ತದೆ. ಊರು ಬೀಳಲಿಲ್ಲ ಎಂಬುದನ್ನು ಶತ್ರುವಿನ ಮೌನವೂ ಒಪ್ಪುತ್ತದೆ.

ಇನ್ನೊಂದು ಮೌನವೂ ಇದೆ. ಟೇಲರ್ ಪ್ರಿಸಂನಲ್ಲಿ ಲಾಕೀಷಿನ ಹೆಸರಿಲ್ಲ. ಬಿದ್ದ 46 ಊರುಗಳ ಲೆಕ್ಕದಲ್ಲಿ ಅದೂ ಒಂದು.

ಹಾಗಾದರೆ ಲಾಕೀಷಿನ ಕತೆ ಎಲ್ಲಿ ಉಳಿಯಿತು? ಕಲ್ಲಿನಲ್ಲಿ ಮತ್ತು ಮಣ್ಣಿನಲ್ಲಿ.

ಆಸ್ಟೆನ್ ಹೆನ್ರಿ ಲೇಯಾರ್ಡ್ ಎಂಬ ಇಂಗ್ಲಿಷ್ ಸಾಹಸಿ 1840ರ ದಶಕದ ಕೊನೆಯಲ್ಲಿ ನಿನೆವೆಯ ದಿಬ್ಬದಲ್ಲಿ ಸನ್ಹೇರೀಬನ ಅರಮನೆಯನ್ನು ಅಗೆದು ತೆಗೆದ. ಅದರೊಳಗಿನ ಒಂದು ಕೋಣೆಯ ಗೋಡೆಗಳ ಮೇಲೆ ಒಂದೇ ಊರಿನ ಮುತ್ತಿಗೆಯ ಉಬ್ಬುಶಿಲ್ಪಗಳಿದ್ದವು. ಕಲ್ಲಿನ ಮೇಲಿನ ಬರಹ ಆ ಊರಿನ ಹೆಸರು ಹೇಳುತ್ತದೆ: ಲಾಕೀಷ್. ಆ ಚಪ್ಪಡಿಗಳೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಾನು ಅವುಗಳ ಮುಂದೆ ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ. ಕೋಟೆಯ ಕಡೆಗೆ ಏರುದಾರಿಗಳು ಮೇಲೇರುತ್ತವೆ, ಅವುಗಳ ಮೇಲೆ ಗೋಡೆ ಗುದ್ದುವ ಯಂತ್ರಗಳು. ಕೋಟೆಯವರು ಉರಿಯುವ ಪಂಜುಗಳನ್ನು ಕೆಳಗೆಸೆಯುತ್ತಿದ್ದಾರೆ. ಯಂತ್ರಕ್ಕೆ ಬೆಂಕಿ ಹತ್ತಬಾರದೆಂದು ಒಬ್ಬ ಅಸ್ಸೀರಿಯನ್ ಸೈನಿಕ ಉದ್ದ ಹಿಡಿಯ ಸೌಟಿನಿಂದ ನೀರು ಹೊಯ್ಯುತ್ತಿದ್ದಾನೆ. ಬಾಗಿಲಿನಿಂದ ಜನ ಗಂಟುಮೂಟೆ ಹೊತ್ತು ಹೊರಬರುತ್ತಿದ್ದಾರೆ. ಮೂವರನ್ನು ಶೂಲಕ್ಕೇರಿಸಲಾಗಿದೆ. ಎತ್ತಿನ ಗಾಡಿಗಳ ಮೇಲೆ ಸಾಮಾನಿನ ರಾಶಿ, ಅದರ ಮೇಲೆ ಹೆಂಗಸರು ಮಕ್ಕಳು. ಬಲಗಡೆ ಸಿಂಹಾಸನದಲ್ಲಿ ಕೂತ ದೊರೆಯ ಮುಂದೆ ಇದೆಲ್ಲ ಸಾಗಿಹೋಗುತ್ತದೆ. ದೊರೆಯ ಮುಖವನ್ನು ಮಾತ್ರ ಯಾರೋ ಹಿಂದೆಯೇ ಬೇಕೆಂದು ಕೆತ್ತಿ ಹಾಳುಮಾಡಿದ್ದಾರೆ. ಕ್ರಿ.ಪೂ. 612ರಲ್ಲಿ ನಿನೆವೆಯೂ ಬಿತ್ತಲ್ಲ, ಆಗಿನ ಕೈಕೆಲಸ ಎಂದು ವಿದ್ವಾಂಸರ ಊಹೆ.

ರಾಜಧಾನಿ ಸಿಗದ ದೊರೆ ತನ್ನ ಅರಮನೆಯಲ್ಲಿ ಕೆತ್ತಿಸಿಕೊಂಡದ್ದು ಎರಡನೇ ಊರಿನ ಪತನವನ್ನು. ರಾಜಧಾನಿ ಉಳಿಸಿಕೊಂಡವರು ಬರೆದಿಟ್ಟದ್ದು ತಮ್ಮ ಊರಿನ ರಕ್ಷಣೆಯನ್ನು. ಇಬ್ಬರಿಗೂ ಅವರವರ ಕಾರಣಗಳಿದ್ದವು.

ಇನ್ನು ಮಣ್ಣು. ಬೈಬಲ್ಲಿನ ಊರುಗಳು ನೆಲದ ಮೇಲೆ ಎಲ್ಲಿದ್ದವು ಎಂದು ಹುಡುಕುವ ಕೆಲಸಕ್ಕೆ ಕ್ರಮ ತಂದವನು ಎಡ್ವರ್ಡ್ ರಾಬಿನ್ಸನ್ ಎಂಬ ಅಮೆರಿಕನ್ ವಿದ್ವಾಂಸ. 1838ರಲ್ಲಿ ಅರಬಿ ಬಲ್ಲ ಈಲೈ ಸ್ಮಿತ್ ಎಂಬ ಮಿಷನರಿಯೊಂದಿಗೆ ಆ ನಾಡನ್ನೆಲ್ಲ ಸುತ್ತಿದ. ಹಳ್ಳಿಗರು ಬಳಸುತ್ತಿದ್ದ ಅರಬಿ ಹೆಸರುಗಳೊಳಗೆ ಹಳೆಯ ಹೀಬ್ರೂ ಹೆಸರುಗಳು ಉಳಿದಿವೆ ಎಂಬುದು ಅವನ ಸೂತ್ರ. ಅನಾತ ಎಂಬ ಹಳ್ಳಿ ಪ್ರವಾದಿ ಯೆರೆಮೀಯನ ಅನಾತೋತ್, ಅಲ್-ಜೀಬ್ ಎಂಬುದು ಗಿಬ್ಯೋನ್ ಎಂದು ಗುರುತಿಸಿದ. ನೂರು ವರ್ಷಗಳಿಗೂ ಮೀರಿದ ಮೇಲೆ ಅಲ್-ಜೀಬಿನ ಉತ್ಖನನದಲ್ಲಿ ಗಿಬ್ಯೋನ್ ಎಂದು ಕೊರೆದ ಹೂಜಿಯ ಹಿಡಿಗಳೇ ಸಿಕ್ಕವು. ಊರಿನ ಹೆಸರನ್ನು ಅಷ್ಟು ಶತಮಾನ ಕಾಪಾಡಿದ್ದು ಪುಸ್ತಕವಲ್ಲ, ಅಲ್ಲಿ ಹೊಲ ಉಳುತ್ತಿದ್ದವರ ನಾಲಿಗೆ.

ಲಾಕೀಷಿನ ವಿಷಯದಲ್ಲಿ ಆ ಸೂತ್ರ ನಡೆಯಲಿಲ್ಲ. ಹೆಸರು ಅಲ್ಲಿ ಅಳಿಸಿಹೋಗಿತ್ತು. 1890ರಲ್ಲಿ ಫ್ಲಿಂಡರ್ಸ್ ಪೀಟ್ರಿ ತೆಲ್ ಎಲ್-ಹೆಸಿ ಎಂಬ ದಿಬ್ಬವನ್ನು ಲಾಕೀಷ್ ಎಂದುಕೊಂಡು ಅಗೆದ. ಊರು ತಪ್ಪಿತ್ತು, ಆದರೆ ಅಲ್ಲಿ ಅವನಿಗೆ ದೊಡ್ಡ ಸಂಗತಿಯೊಂದು ಹೊಳೆಯಿತು. ದಿಬ್ಬ ಎಂದರೆ ಒಂದರ ಮೇಲೊಂದು ಕಟ್ಟಿದ ಊರುಗಳ ಪದರ. ಪ್ರತಿ ಪದರದ ಮಡಕೆ ಚೂರಿನ ಆಕಾರ, ಅಂಚು, ಬಣ್ಣ ಬೇರೆ. ಆ ಚೂರುಗಳಿಂದಲೇ ಪದರದ ಕಾಲ ಹೇಳಬಹುದು. ಪ್ಯಾಲೆಸ್ತೀನಿನ ಪುರಾತತ್ವ ನಿಂತಿರುವುದು ಈ ತಿಳಿವಿನ ಮೇಲೆ. 1929ರಲ್ಲಿ ಡಬ್ಲ್ಯು. ಎಫ್. ಆಲ್‌ಬ್ರೈಟ್ ಲಾಕೀಷ್ ಇರಬೇಕಾದ ಜಾಗ ತೆಲ್ ಎದ್-ದುವೈರ್ ಎಂಬ ಬೇರೆ ದಿಬ್ಬ ಎಂದು ಸೂಚಿಸಿದರು.

1932ರಿಂದ ಅಲ್ಲಿ ಅಗೆದವರು ಜೇಮ್ಸ್ ಲೆಸ್ಲಿ ಸ್ಟಾರ್ಕಿ. ಬೆಂಕಿಗೆ ಕೆಂಪಾಗಿ ಸುಟ್ಟ ಊರೊಂದು ಸಿಕ್ಕಿತು. ಮೂರನೇ ಪದರ ಎಂದು ಅದರ ಹೆಸರು. ಅದನ್ನು ಬ್ಯಾಬಿಲೋನಿನವರು ಕ್ರಿ.ಪೂ. 597ರಲ್ಲಿ ಸುಟ್ಟದ್ದು ಎಂದು ಸ್ಟಾರ್ಕಿ ತಿಳಿದಿದ್ದರು. 1938ರ ಜನವರಿಯಲ್ಲಿ ಜೆರುಸಲೇಮಿಗೆ ಹೋಗುವ ದಾರಿಯಲ್ಲಿ ಅವರ ಕೊಲೆಯಾಯಿತು. ಉಳಿದ ಕೆಲಸ ಅವರ ಸಹೋದ್ಯೋಗಿ ಓಲ್ಗಾ ಟಫ್ನೆಲ್ ಹೆಗಲಿಗೆ ಬಿತ್ತು. ವರ್ಷಗಟ್ಟಲೆ ಚೂರುಗಳನ್ನು ಜೋಡಿಸಿ ನೋಡಿದ ಅವರು, ಮೂರನೇ ಪದರಕ್ಕೂ ಅದರ ಮೇಲಿನ ಎರಡನೇ ಪದರಕ್ಕೂ ಮಡಕೆಗಳಲ್ಲಿ ಇರುವ ವ್ಯತ್ಯಾಸ ಹತ್ತು ವರ್ಷದ್ದಲ್ಲ, ನೂರು ವರ್ಷದ್ದು. ಹಾಗಾಗಿ ಅದು 701ರ ಬೆಂಕಿ ಎಂದು 1953ರಲ್ಲಿ ಬರೆದರು. ತಮ್ಮ ನಾಯಕನ ಅಭಿಪ್ರಾಯಕ್ಕೆ ವಿರುದ್ಧವಾಗಿ, ಅವರೇ ಅಗೆದ ಮಣ್ಣನ್ನು ನಂಬಿ ಬರೆದ ಮಾತು ಅದು. ಹಲವರು ಒಪ್ಪಲಿಲ್ಲ. 1973ರಿಂದ ಎರಡು ದಶಕ ಅಲ್ಲಿ ಉತ್ಖನನ ನಡೆಸಿದ ಡೇವಿಡ್ ಉಸಿಷ್ಕಿನ್ ಟಫ್ನೆಲ್ ಹೇಳಿದ್ದೇ ಸರಿ ಎಂದು ತೋರಿಸಿದರು.

ದಿಬ್ಬದ ಸುತ್ತ ಕಣಿವೆ. ನೈರುತ್ಯ ಮೂಲೆಯಲ್ಲಿ ಮಾತ್ರ ಪಕ್ಕದ ಗುಡ್ಡಕ್ಕೆ ಸೇರುವ ದಿಣ್ಣೆ. ಉಸಿಷ್ಕಿನ್ ಅಗೆದಾಗ ಅಸ್ಸೀರಿಯನ್ನರು ಸುರಿದ ಏರುದಾರಿ ಸಿಕ್ಕಿದ್ದು ಅಲ್ಲೇ. ಸಾವಿರಾರು ಟನ್ ಕಲ್ಲು. ಅದರ ನೇರಕ್ಕೆ, ಗೋಡೆಯ ಒಳಬದಿಗೆ, ಊರಿನವರು ಆತುರದಿಂದ ಒಟ್ಟಿದ ಎದುರು ದಿಬ್ಬವೂ ಸಿಕ್ಕಿತು. ಗೋಡೆ ಒಡೆದರೆ ಒಳಗೆ ಇನ್ನೊಂದು ತಡೆ ಇರಲಿ ಎಂದು ಕಟ್ಟಿದ್ದು. ಆ ಮೂಲೆಯಲ್ಲಿ ನೂರಾರು ಕಬ್ಬಿಣದ ಬಾಣದ ಮೊನೆಗಳು, ಕವಣೆ ಕಲ್ಲುಗಳು, ಒಂದು ಕಬ್ಬಿಣದ ಸರಪಳಿಯ ತುಂಡು. ಲಂಡನ್ನಿನ ಶಿಲ್ಪದಲ್ಲಿ ಕಾಣುವುದು ಕಲ್ಪನೆಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಒಳಗಿನ ಎದುರು ದಿಬ್ಬವನ್ನು ಶಿಲ್ಪಿ ಕೆತ್ತಲಿಲ್ಲ. ಸೋಲುವುದು ಖಚಿತವಾದ ಮೇಲೂ ಕಲ್ಲುಮಣ್ಣು ಹೊತ್ತವರ ಆ ಕೆಲಸ ಬೈಬಲ್ಲಿನಲ್ಲೂ ಇಲ್ಲ, ನಿನೆವೆಯಲ್ಲೂ ಇಲ್ಲ. ಇರುವುದು ಅಲ್ಲಿ ಮಾತ್ರ.

ಇದೇ ಹೊತ್ತಿಗೆ ಜೆರುಸಲೇಮಿನಲ್ಲಿ ನಡೆಯುತ್ತಿದ್ದ ಸಿದ್ಧತೆಯ ಗುರುತುಗಳೂ ಉಳಿದಿವೆ. ಹಿಜ್ಕೀಯ ಗೀಹೋನ್ ಬುಗ್ಗೆಯ ನೀರನ್ನು ಊರೊಳಗೆ ತಂದ ಎಂದು ಬೈಬಲ್ ಹೇಳುತ್ತದೆ. ಬಂಡೆ ಕೊರೆದ ಆ ಸುರಂಗ 533 ಮೀಟರ್ ಉದ್ದವಿದೆ, ಇವತ್ತಿಗೂ ನೀರು ಹರಿಯುತ್ತದೆ. ಕತ್ತಲಲ್ಲಿ, ನೀರಿನೊಳಗೆ ಕಾಲೆಳೆಯುತ್ತ, ಹೆಗಲು ಬಂಡೆಗೆ ತಾಗಿಸಿಕೊಂಡು ನಾನು ಅದರೊಳಗೆ ನಡೆದಿದ್ದೇನೆ. ಅಂಕುಡೊಂಕಾದ ಸುರಂಗದ ನಡುವಿನಲ್ಲಿ ಎರಡು ಕಡೆಯ ಉಳಿಯ ಗುರುತುಗಳು ಎದುರುಬದುರಾಗುತ್ತವೆ. 1880ರಲ್ಲಿ ನೀರಿಗಿಳಿದಿದ್ದ ಹುಡುಗರ ಕಣ್ಣಿಗೆ ಸುರಂಗದ ಗೋಡೆಯಲ್ಲಿ ಒಂದು ಬರಹ ಬಿತ್ತು. ಎರಡು ತಂಡಗಳು ಎದುರುಬದುರು ಅಗೆಯುತ್ತ ಬಂದವು, ಮೂರು ಮೊಳ ಉಳಿದಿದ್ದಾಗ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸಿತು, ಕೊನೆಗೆ ಗುದ್ದಲಿಗೆ ಗುದ್ದಲಿ ತಾಗಿತು, ನೀರು ಹರಿಯಿತು ಎಂಬುದು ಅದರ ಸಾರ. ಅರಸನ ಹೆಸರಿಲ್ಲ, ದೇವರ ಹೆಸರಿಲ್ಲ. ಅಗೆದವರ ಸಂತೋಷ ಮಾತ್ರ. ಆ ಕಲ್ಲು ಈಗ ಇಸ್ತಾಂಬುಲಿನ ಮ್ಯೂಸಿಯಂನಲ್ಲಿದೆ.

ಇನ್ನೊಂದು ಗುರುತು ಅಷ್ಟು ಸಂತೋಷದ್ದಲ್ಲ. 1970ರ ಸುಮಾರಿಗೆ ನಹ್ಮಾನ್ ಅವಿಗಾದ್ ಹಳೆಯ ಜೆರುಸಲೇಮಿನಲ್ಲಿ ಏಳು ಮೀಟರ್ ದಪ್ಪದ ಕೋಟೆಗೋಡೆಯೊಂದನ್ನು ಕಂಡುಹಿಡಿದರು. ಅದನ್ನು ಕಟ್ಟಿದ್ದು ಜನರ ಮನೆಗಳ ಮೇಲೆ, ಅವುಗಳ ಗೋಡೆ ಒಡೆದು. ಗೋಡೆ ಭದ್ರಪಡಿಸಲು ಮನೆಗಳನ್ನು ಕೆಡವಿದಿರಿ ಎಂದು ಯೆಶಾಯ ಊರಿನವರನ್ನು ಬಯ್ಯುವ ಮಾತು ಅವನ ಪುಸ್ತಕದ 22ನೇ ಅಧ್ಯಾಯದಲ್ಲಿದೆ. ಕೆಡವಿದ ಮನೆಯ ಅಡಿಪಾಯವನ್ನು ನೋಡಿದ ಮೇಲೆ ಅದು ಬರೀ ಪ್ರವಾದಿಯ ಗದರಿಕೆಯಾಗಿ ಕೇಳುವುದಿಲ್ಲ.

ಬೈಬಲ್ಲನ್ನು ಪುರಾತತ್ವದಿಂದ ಓದುವವರನ್ನು ಜನ ಕೇಳುವ ಪ್ರಶ್ನೆ ಒಂದೇ: ಹಾಗಾದರೆ ಅದೆಲ್ಲ ನಿಜವೋ ಸುಳ್ಳೋ? 701ರ ಯುದ್ಧ ನಡೆದದ್ದು ನಿಜ. ಕಪ್ಪ ಕೊಟ್ಟದ್ದು ನಿಜ. ಜೆರುಸಲೇಮ್ ಉಳಿದದ್ದು ನಿಜ. ದೇವದೂತನ ಬಗ್ಗೆ ಸನಿಕೆ ಏನೂ ಹೇಳಲಾರದು. ಆದರೆ ಆ ಪ್ರಶ್ನೆಯ ಆಚೆಗೂ ಮಣ್ಣಿನಲ್ಲಿ ಮಾತಿದೆ. ಲಾಕೀಷಿನ ಗುಹೆಗಳಲ್ಲಿ ಸ್ಟಾರ್ಕಿಗೆ ಸುಮಾರು 1,500 ಜನರ ಮೂಳೆಗಳು ಒಟ್ಟಿಗೆ ರಾಶಿ ಹಾಕಿದ್ದು ಸಿಕ್ಕವು. ಅವರೆಲ್ಲ ಆ ಮುತ್ತಿಗೆಯಲ್ಲೇ ಸತ್ತವರೆಂದು ಎಲ್ಲರೂ ಒಪ್ಪುವುದಿಲ್ಲ. ಆದರೆ ಊರೊಂದು ಉಳಿದ ಪವಾಡವನ್ನು ಓದುವಾಗ, ಉಳಿಯದ ಊರಿನ ಆ ರಾಶಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಓದುವುದು ಈಗ ನನಗೆ ಅಭ್ಯಾಸವಾಗಿದೆ.

ಲಾಕೀಷ್ ಮತ್ತೆ ಕಟ್ಟಿಕೊಂಡಿತು, ಕ್ರಿ.ಪೂ. 587ರ ಸುಮಾರಿಗೆ ಬ್ಯಾಬಿಲೋನಿನವರ ಕೈಯಲ್ಲಿ ಮತ್ತೆ ಸುಟ್ಟಿತು. ಆ ಬೂದಿಯಲ್ಲಿ ಮಡಕೆ ಚೂರುಗಳ ಮೇಲೆ ಮಸಿಯಲ್ಲಿ ಬರೆದ ಪತ್ರಗಳು ಸಿಕ್ಕಿವೆ. ಒಂದರಲ್ಲಿ ಹೋಶಾಯ ಎಂಬ ಕೆಳದರ್ಜೆಯ ಅಧಿಕಾರಿ ಮೇಲಧಿಕಾರಿಗೆ ಬರೆಯುತ್ತಾನೆ: ನನಗೆ ಓದಲು ಬಾರದೆಂದು ತಿಳಿದಿರಾ, ಯಾರಿಂದಲೂ ನಾನು ಪತ್ರ ಓದಿಸಿಕೊಂಡವನಲ್ಲ ಎಂಬ ಅರ್ಥದ ಸಿಟ್ಟು. ಇನ್ನೊಂದರಲ್ಲಿ, ಲಾಕೀಷಿನ ಬೆಂಕಿಯ ಸಂಕೇತಕ್ಕೆ ಕಾಯುತ್ತಿದ್ದೇವೆ, ಅಜೇಕದ್ದು ಕಾಣಿಸುತ್ತಿಲ್ಲ ಎಂಬ ಸುದ್ದಿ. ಕೊನೆಗೆ ಉಳಿದ ಕೋಟೆಗಳು ಲಾಕೀಷ್ ಮತ್ತು ಅಜೇಕ ಎಂದು ಯೆರೆಮೀಯನ ಪುಸ್ತಕ ಹೇಳುವ ದಿನಗಳವು.

ದಿಬ್ಬದ ಚರಿತ್ರೆ ಅಲ್ಲಿಗೂ ಮುಗಿಯುವುದಿಲ್ಲ. ಸ್ಟಾರ್ಕಿ ಅಗೆಯುತ್ತಿದ್ದಾಗ ಪಕ್ಕದಲ್ಲಿ ಕುಬೈಬ ಎಂಬ ಅರಬ್ ಹಳ್ಳಿಯಿತ್ತು. ಅಲ್ಲಿಯ ಜನ ಉತ್ಖನನದಲ್ಲಿ ಕೂಲಿ ಮಾಡಿದ್ದರು. 1948ರ ಅಕ್ಟೋಬರಿನ ಯುದ್ಧದಲ್ಲಿ ಆ ಹಳ್ಳಿ ಬರಿದಾಯಿತು. 1955ರಲ್ಲಿ ಅದರ ಜಮೀನಿನಲ್ಲಿ ಹೊಸ ವಸತಿಯೊಂದು ಎದ್ದಿತು, ಅದರ ಹೆಸರು ಲಾಕೀಷ್. ಪ್ರವಾಸಿಗಳು ಏರುದಾರಿಯನ್ನೂ ಹೆಬ್ಬಾಗಿಲನ್ನೂ ನೋಡಿ ಇಳಿದು ಬರುತ್ತಾರೆ. ನಾನು ಓದಿದ ಎರಡು ದಾಖಲೆಗಳಿಗೂ ಕುಬೈಬ ಸೇರುವುದಿಲ್ಲ, ಅವು ಅದಕ್ಕಿಂತ ಎರಡೂವರೆ ಸಾವಿರ ವರ್ಷ ಹಳೆಯವು. ಆದರೆ ಪೀಟ್ರಿ ಕಲಿಸಿದ ಲೆಕ್ಕದಂತೆ ದಿಬ್ಬವನ್ನು ಮೇಲಿನಿಂದ ಕೆಳಗೆ ಓದಬೇಕು. ಹಾಗೆ ಓದಿದರೆ ಕುಬೈಬ ಇರುವುದು ಎಲ್ಲಕ್ಕೂ ಮೇಲಿನ ಪದರದಲ್ಲಿ.