ಧಾರವಾಡ ಶಿಲೆಗಳಲ್ಲಿ ಪ್ರಾಚೀನ ಜೀವದ ಕುರುಹುಗಳು

ಹಾವೇರಿ ಜಿಲ್ಲೆಯ ಕುಪ್ಪೇಲೂರು, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ನೆಲದಡಿ ಬಹುಮಟ್ಟಿಗೆ ಹರಡಿರುವುದು ಧಾರವಾಡ ಶಿಲಾಸಮೂಹದ ಕಲ್ಲು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಶಿಲೆಗಳನ್ನು ಪ್ರತ್ಯೇಕ ವರ್ಗವೆಂದು ಗುರುತಿಸಿ ಧಾರವಾಡದ ಹೆಸರಿಟ್ಟರು. ಇದರ ಒಂದು ವಿಭಾಗಕ್ಕೆ ಮುಂದೆ ರಾಣೆಬೆನ್ನೂರಿನ ಹೆಸರೇ ಬಂತು. ಆ ವಿಭಾಗದ ಮುಖ್ಯ ಶಿಲೆ ಗ್ರೇವ್ಯಾಕ್. ಸಮುದ್ರದಡಿಯ ಇಳಿಜಾರಿನಲ್ಲಿ ಕೆಸರೂ ಮರಳೂ ಒಟ್ಟಿಗೆ ಕುಸಿದು, ದಪ್ಪ ಕಣ ಮೊದಲು, ನುಣುಪು ಕಣ ಆಮೇಲೆ ತಳ ಸೇರಿ ಅದರ ಪದರಗಳಾಗಿವೆ. ಇಂಥ ಪದರಗಳ ನಡುವಿನ ಜ್ವಾಲಾಮುಖಿ ಶಿಲೆಯ ಜಿರ್ಕಾನ್ ಹರಳುಗಳಲ್ಲಿ ಎಷ್ಟು ಯುರೇನಿಯಂ ಸೀಸವಾಗಿ ಬದಲಾಗಿದೆ ಎಂದು ಅಳೆದು ವಯಸ್ಸು ಕಂಡುಕೊಳ್ಳುತ್ತಾರೆ. ಅದು ಸುಮಾರು 260 ಕೋಟಿ ವರ್ಷ.

ಚಿಪ್ಪು, ಮೂಳೆಯಂಥ ಗಟ್ಟಿ ಭಾಗಗಳುಳ್ಳ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳಿಂದ ಈಚೆಗೆ. ಆದ್ದರಿಂದ ಈ ಕಲ್ಲುಗಳಲ್ಲಿ ಅಸ್ಥಿಪಂಜರ ಹುಡುಕಿ ಫಲವಿಲ್ಲ. ಆದರೂ ಇವು ಜೀವವಿಲ್ಲದ ಕಾಲದ ಕಲ್ಲುಗಳಲ್ಲ. ಇದೇ ಶಿಲಾಸಮೂಹದ ಚಿತ್ರದುರ್ಗ, ಶಿವಮೊಗ್ಗ, ಸಂಡೂರು ಪಟ್ಟಿಗಳಲ್ಲಿ ಸ್ಟ್ರೋಮಟೊಲೈಟ್‌ಗಳು ಸಿಕ್ಕಿವೆ. ಆಳವಿಲ್ಲದ ನೀರಿನಲ್ಲಿ ಲೋಳೆಯಾಗಿ ಹಬ್ಬಿದ ಸೂಕ್ಷ್ಮಜೀವಿಗಳು ಕೆಸರಿನ ಕಣಗಳನ್ನು ಹಿಡಿದಿಟ್ಟುಕೊಂಡು, ಬೆಳಕಿಗಾಗಿ ಮತ್ತೆ ಮೇಲೆ ಬೆಳೆದು, ಪದರದ ಮೇಲೆ ಪದರವಾಗಿ ಕಟ್ಟಿದ ಗುಮ್ಮಟಗಳು ಇವು. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇಂಥವು ಇಂದಿಗೂ ಬೆಳೆಯುತ್ತಿವೆ. ಹಳೆಯ ಕಲ್ಲನ್ನು ಅರ್ಥಮಾಡಿಕೊಳ್ಳಲು ಅವುಗಳೊಂದಿಗಿನ ಹೋಲಿಕೆಯೇ ಮೊದಲ ಆಧಾರ.

ಆಕಾರವೊಂದನ್ನೇ ನಂಬುವಂತಿಲ್ಲ. ಜೀವದ ನೆರವಿಲ್ಲದೆಯೂ ಖನಿಜಗಳು ಸುಕ್ಕುಸುಕ್ಕಾದ ಪದರಗಳನ್ನು ಕಟ್ಟಬಲ್ಲವು. ಹೀಗಾಗಿ ಕಲ್ಲನ್ನು ಕೊಯ್ದು, 0.03 ಮಿ.ಮೀ. ದಪ್ಪಕ್ಕೆ ಉಜ್ಜಿ, ಬೆಳಕು ಹಾಯುವಂತಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗುಮ್ಮಟದ ನೆತ್ತಿಯಲ್ಲಿ ಪದರ ದಪ್ಪಗಾಗಿದೆಯೇ, ಕಣಗಳು ಕಡಿದಾದ ಬದಿಯಲ್ಲೂ ಅಂಟಿ ನಿಂತಿವೆಯೇ ಎಂಬುದು ಲೋಳೆಯ ಪಾತ್ರವನ್ನು ಸೂಚಿಸುತ್ತದೆ. ಇಂಗಾಲ ಉಳಿದಿದ್ದರೆ ಅದರ ಐಸೊಟೋಪುಗಳನ್ನು ಅಳೆಯುತ್ತಾರೆ. ದ್ಯುತಿಸಂಶ್ಲೇಷಣೆ ಮಾಡುವ ಜೀವಿಗಳು ಹಗುರವಾದ ಇಂಗಾಲ-12ನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಅವುಗಳ ಅವಶೇಷದಲ್ಲಿ ಇಂಗಾಲ-13 ಕಡಿಮೆಯಾಗಿರುತ್ತದೆ. ಆ ಇಂಗಾಲ ಕಲ್ಲಿನಷ್ಟೇ ಹಳೆಯದೋ, ಬಿರುಕಿನಲ್ಲಿ ಆಮೇಲೆ ಸೇರಿದ್ದೋ ಎಂಬ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಕಲ್ಲು ಎಷ್ಟು ಬೆಂದಿದೆಯೋ ಇಂಗಾಲವೂ ಅಷ್ಟೇ ಬೆಂದಿರಬೇಕು. ರಾಮನ್ ರೋಹಿತದರ್ಶನ ಇದನ್ನು ತಿಳಿಸುತ್ತದೆ. ಸಂಡೂರು ಪಟ್ಟಿಯ ದೋಣಿಮಲೈ ಶಿಲೆಗಳಿಂದ ಬಿ. ಎಸ್. ವೆಂಕಟಾಚಲ ಮತ್ತು ಸಂಗಡಿಗರು 1990ರಲ್ಲಿ ವರದಿ ಮಾಡಿದ ಸೂಕ್ಷ್ಮ ಪಳೆಯುಳಿಕೆಗಳಂಥವನ್ನು ಒಪ್ಪುವಾಗಲೂ ಈ ಪ್ರಶ್ನೆ ಕೇಳಲೇಬೇಕು.

ಇಷ್ಟು ಕಟ್ಟುನಿಟ್ಟು ಏಕೆಂಬುದಕ್ಕೆ ಮಧ್ಯಪ್ರದೇಶದ ಭೀಮ್‌ಬೇಟ್ಕಾ ಸಾಕ್ಷಿ. ಅಲ್ಲಿನ ಗುಹೆಯ ಗೋಡೆಯ ಗುರುತೊಂದು ಡಿಕಿನ್ಸೋನಿಯಾ ಎಂಬ ಅತಿ ಪುರಾತನ ಪ್ರಾಣಿಯದೆಂದು 2021ರಲ್ಲಿ ಪ್ರಕಟವಾಯಿತು. 2023ರಲ್ಲಿ ಜೋಸೆಫ್ ಮೀರ್ಟ್ ಮತ್ತು ಸಂಗಡಿಗರು ಸ್ಥಳಕ್ಕೆ ಹೋಗಿ ಪರೀಕ್ಷಿಸಿದಾಗ, ಅದು ಬಂಡೆಗೆ ಕಟ್ಟಿದ್ದ ಜೇನುಗೂಡು ಹಾಳಾಗಿ ಉಳಿದ ಕಲೆ ಎಂದು ತೋರಿತು. ಮೊದಲು ವರದಿ ಮಾಡಿದವರೂ ಅದನ್ನು ಒಪ್ಪಿಕೊಂಡರು. ಪ್ರಾಗ್ಜೀವಶಾಸ್ತ್ರದ ನಿಜವಾದ ಬಲವಿರುವುದು ಇಂಥ ಮರುಪರೀಕ್ಷೆಯಲ್ಲಿ.

ಉತ್ತರ ಕರ್ನಾಟಕದಲ್ಲಿ ಮೂಳೆಯ ಪಳೆಯುಳಿಕೆ ಬೇಕೆಂದರೆ ಹೊಳೆಗಳ ಮೆಕ್ಕಲಿನತ್ತ ನೋಡಬೇಕು. ಗೋಕಾಕದ ಬಳಿ ಘಟಪ್ರಭೆಯ ಬಯಲಿನಲ್ಲಿ ದೊರೆತ ಖಡ್ಗಮೃಗದ ಅವಶೇಷಗಳನ್ನು ಇದೇ ಫೂಟ್ 1874ರಲ್ಲಿ ರೈನೊಸೆರಸ್ ಡೆಕ್ಕನೆನ್ಸಿಸ್ ಎಂಬ ಹೊಸ ಹೆಸರಿನಲ್ಲಿ ವಿವರಿಸಿದರು. ಅಲ್ಲಿ ಅಧ್ಯಯನದ ರೀತಿಯೇ ಬೇರೆ: ಹಲ್ಲಿನ ಏಣುಗಳನ್ನು ಈಗಿರುವ ಖಡ್ಗಮೃಗಗಳ ಹಲ್ಲಿನೊಂದಿಗೆ ಹೋಲಿಸಿ ಜಾತಿ ಗುರುತಿಸುತ್ತಾರೆ, ಸವೆತದಿಂದ ಮೇವು ಯಾವುದೆಂದು ಊಹಿಸುತ್ತಾರೆ. ಧಾರವಾಡದ ಕಲ್ಲುಗಳಿಗೆ ಹೋಲಿಸಿದರೆ ಆ ಮೆಕ್ಕಲು ತೀರಾ ಈಚಿನದು. ಆದರೆ ಖಡ್ಗಮೃಗ ಬದುಕುವಷ್ಟು ನೀರೂ ಹಸಿರೂ ಒಂದು ಕಾಲದಲ್ಲಿ ಆ ಬಯಲಿನಲ್ಲಿತ್ತೆಂದು ತಿಳಿದದ್ದು ಆ ಅವಶೇಷಗಳಿಂದಲೇ.