ಹಳ್ಳಿಯೋ ಹಲ್ಲಿಯೋ

ಗೊರಗುಂಟೆಪಾಳ್ಯ ಎಂದರೆ ಬೆಂಗಳೂರಿನವರಿಗೆ ಟ್ರಾಫಿಕ್ಕು. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಜಾಗ, ಊರಿಗೆ ಹೊರಟವರು ಬ್ಯಾಗು ಹಿಡಿದು ಬಸ್ಸಿಗೆ ಕಾಯುವ ಜಾಗ. ಇದನ್ನು ಪುಸ್ತಕದ ಜೊತೆ ಯಾರೂ ಜೋಡಿಸಿ ನೋಡುವುದಿಲ್ಲ. ಆದರೆ ಇಲ್ಲಿಂದ ಮೆಟ್ರೊ ಹತ್ತಿ ಮುಂದಿನ ನಿಲ್ದಾಣ ಯಶವಂತಪುರದಲ್ಲಿ ಇಳಿದರೆ ಆಚೆಗೆ ಭಾರತೀಯ ವಿಜ್ಞಾನ ಸಂಸ್ಥೆ, ಅದರ ಆಚೀಚೆ ಮಲ್ಲೇಶ್ವರ ಮತ್ತು ಸದಾಶಿವನಗರ. ಗ್ರಂಥಾಲಯಗಳು ಕಾಗದದಿಂದ ಪರದೆಗೆ ಹೊರಳಿದ ಕಥೆಯ ಒಂದಷ್ಟು ಮುಖ್ಯ ಅಧ್ಯಾಯಗಳು ನಡೆದದ್ದು ನಮ್ಮ ಈ ಉತ್ತರದ ತುದಿಯಲ್ಲೇ. ಹತ್ತಿರದಲ್ಲೇ ವಾಸವಾಗಿರುವ ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇದೆ, ಒಂದು ತಕರಾರೂ ಇದೆ.

ಕಥೆ ಕಂಪ್ಯೂಟರಿನಿಂದ ಶುರುವಾಗುವುದಿಲ್ಲ. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ಕಸುಬು ಕಲಿಯಲು ಲಂಡನ್ನಿಗೆ ಹೋದರು. ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೊ ಎಂಬ ಆಟಿಕೆ ಅವರ ಕಣ್ಣಿಗೆ ಬಿತ್ತು. ಅವೇ ಲೋಹದ ಪಟ್ಟಿ, ಅವೇ ನಟ್ಟು ಬೋಲ್ಟು. ಜೋಡಿಸುವ ರೀತಿ ಬದಲಾದರೆ ಬೇರೆಯೇ ಆಟಿಕೆ. ಪುಸ್ತಕದ ವಿಷಯವನ್ನೂ ಹೀಗೇ ಬಿಡಿಭಾಗಗಳಿಂದ ಕಟ್ಟಬಹುದಲ್ಲ ಎಂದು ಅವರಿಗೆ ಹೊಳೆಯಿತು. ಅದುವರೆಗಿನ ಪದ್ಧತಿಗಳು ಪ್ರತಿ ವಿಷಯಕ್ಕೂ ಮೊದಲೇ ಒಂದು ಗೂಡು ಮಾಡಿಟ್ಟು, ಬಂದ ಪುಸ್ತಕವನ್ನು ಅದರೊಳಗೆ ತೂರಿಸುತ್ತಿದ್ದವು. ಮಂಡ್ಯದ ಭತ್ತಕ್ಕೆ ಒಂದು ಕಾಲದಲ್ಲಿ ಬಂದ ರೋಗದ ಬಗೆಗಿನ ಪುಸ್ತಕ ಬಂದರೆ ಯಾವ ಗೂಡು? ರಂಗನಾಥನ್ ಭತ್ತ, ರೋಗ, ಊರು, ಕಾಲ ಎಂದು ಬಿಡಿಸಿ, ಪ್ರತಿಯೊಂದಕ್ಕೂ ಗುರುತು ಕೊಟ್ಟು ಜೋಡಿಸಿದರು. ಜೋಡಿಸುವ ಕೊಂಡಿಯಾಗಿ ಬಳಸಿದ್ದು ಕೋಲನ್ ಚಿಹ್ನೆ. ಹಾಗಾಗಿಯೇ 1933ರಲ್ಲಿ ಹೊರಬಂದ ಆ ಪದ್ಧತಿಯ ಹೆಸರು ಕೋಲನ್ ವರ್ಗೀಕರಣ. ಇವತ್ತು ನಾವು ಆನ್‌ಲೈನಿನಲ್ಲಿ ಚಪ್ಪಲಿ ಕೊಳ್ಳುವಾಗ ಅಳತೆ, ಬಣ್ಣ, ಬೆಲೆ ಎಂದು ಒಂದೊಂದೇ ಒತ್ತಿ ಸೋಸುತ್ತೇವಲ್ಲ, ಅದರ ಹಿಂದಿರುವ ತರ್ಕ ಇದೇ ಜಾತಿಯದು.

ರಂಗನಾಥನ್ 1957ರಲ್ಲಿ ಜ್ಯೂರಿಕ್‌ನಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದರು. ಮಲ್ಲೇಶ್ವರದಲ್ಲಿ ಅವರ ಮನೆ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ಡಿಆರ್‌ಟಿಸಿ ಎಂದೇ ಎಲ್ಲರೂ ಕರೆಯುವ ಅದು ಈಗ ಮೈಸೂರು ರಸ್ತೆಯಲ್ಲಿದೆ. 1965ರಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಆಸ್ತಿ ತೆರಿಗೆಯ ಚೀಟಿಯನ್ನು ಒಮ್ಮೆ ತೆಗೆದು ನೋಡಿ, ಗ್ರಂಥಾಲಯ ಕರ ಎಂದಿರುತ್ತದೆ. ತೆರಿಗೆಯ 100 ರೂಪಾಯಿಗೆ 6 ರೂಪಾಯಿ. ಗ್ರಂಥಾಲಯದ ಬಾಗಿಲು ತುಳಿಯದವರೂ ಅದಕ್ಕೆ ದುಡ್ಡು ಕೊಡುತ್ತಿರುತ್ತಾರೆ. 1972ರಲ್ಲಿ ರಂಗನಾಥನ್ ಬೆಂಗಳೂರಿನಲ್ಲೇ ತೀರಿಕೊಂಡರು.

ಅದಾಗಿ ಮೂವತ್ತು ವರ್ಷಕ್ಕೆ, ಮಲ್ಲೇಶ್ವರದ ಪಕ್ಕದ ವಿಜ್ಞಾನ ಸಂಸ್ಥೆಯಲ್ಲಿ ಎರಡನೇ ಅಧ್ಯಾಯ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿಯವರ ಕನಸು ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಜಗತ್ತಿಗೆ ಬಿಡುವುದು. ಭಾರತದಲ್ಲಿ ಅದನ್ನು ಹೊತ್ತವರು ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಹುಟ್ಟಿದ್ದು ಹೀಗೆ. ದೇಶದ ಹಲವು ಕಡೆ ಸ್ಕ್ಯಾನಿಂಗ್ ಕೇಂದ್ರಗಳು ಶುರುವಾದವು. ಅಂಗಡಿಯಲ್ಲಿ ಸಿಗದ, ಗ್ರಂಥಾಲಯಗಳಲ್ಲೂ ಹುಳ ತಿನ್ನುತ್ತಿದ್ದ ಸಾವಿರಾರು ಕನ್ನಡ ಪುಸ್ತಕಗಳು ಚಿತ್ರಗಳಾಗಿ ಉಳಿದವು. ಅಷ್ಟರ ಮಟ್ಟಿಗೆ ಆ ಕೆಲಸಕ್ಕೆ ಕೈ ಮುಗಿಯಬೇಕು.

ನನ್ನ ತಕರಾರು ಶುರುವಾಗುವುದು ಇಲ್ಲಿ. ಉಳಿದದ್ದು ನಿಜ, ಆದರೆ ಸಿಗಬೇಕಲ್ಲ? ಪುಸ್ತಕದ ಹೆಸರು, ಲೇಖಕರ ಹೆಸರುಗಳನ್ನು ಅಲ್ಲಿ ತುಂಬಿದ್ದು ರೋಮನ್ ಲಿಪಿಯಲ್ಲಿ. ಆ ಲಿಪಿಯಲ್ಲಿ, ಅದೂ ಗುರುತು ಚಿಹ್ನೆಗಳಿಲ್ಲದೆ ಬರೆದಾಗ, ಹಳ್ಳಿಯೂ ಹಲ್ಲಿಯೂ ಒಂದೇ. ಕಲೆಯೂ ಕಳೆಯೂ ಒಂದೇ, ಮನೆಯೂ ಮಣೆಯೂ ಒಂದೇ. ದೀರ್ಘವನ್ನು ಒಬ್ಬರು ಎರಡು ಅಕ್ಷರ ಹಾಕಿ ತೋರಿಸಿದರೆ ಇನ್ನೊಬ್ಬರು ತೋರಿಸುವುದೇ ಇಲ್ಲ. ಕನ್ನಡದಲ್ಲಿ ಟೈಪು ಮಾಡಿ ಹುಡುಕಿದರೆ ಶೂನ್ಯ. ಇಂಗ್ಲಿಷಿನಲ್ಲಿ ಹುಡುಕಬೇಕೆಂದರೆ, ನಮೂದಿಸಿದವರು ಆ ದಿನ ಯಾವ ಕಾಗುಣಿತ ಹಿಡಿದಿದ್ದರೋ ಅದನ್ನು ಊಹಿಸಬೇಕು. ಸಿಕ್ಕರೂ ಪುಟವೊಂದೊಂದಾಗಿ ತೆರೆಯಬೇಕಿತ್ತು, ಅದಕ್ಕೂ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಿತ್ತು. ಓದುಗರ ಸಮಯ ಉಳಿಸಬೇಕೆನ್ನುವುದು ರಂಗನಾಥನ್ 1931ರಲ್ಲೇ ಬರೆದಿಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಅವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಅದನ್ನೇ ಮರೆತಿದ್ದರು. ಯಂತ್ರವಿತ್ತು, ಹಣವಿತ್ತು, ಪುಸ್ತಕವಿತ್ತು. ಕೊನೆಯಲ್ಲಿ ಕೂತು ಒಂದೊಂದಕ್ಕೂ ಸರಿಯಾದ ಕಾರ್ಡು ಬರೆಯುವ ಕೈ ಮಾತ್ರ ಸಾಲಲಿಲ್ಲ.

ಆ ಕಾರ್ಡುಗಳನ್ನು ಬರೆಯಲು ಹೊರಟವರು ಕನ್ನಡದ ಕೆಲವು ಉತ್ಸಾಹಿಗಳು. ವಚನಗಳನ್ನು ಹುಡುಕಲು ಬರುವಂತೆ ಜಾಲತಾಣದಲ್ಲಿ ಜೋಡಿಸಿದ್ದ ಸಂಚಯ ತಂಡ, 2010ರ ದಶಕದಲ್ಲಿ ‘ಪುಸ್ತಕ ಸಂಚಯ’ ಮಾಡಿತು. ಡಿಜಿಟಲ್ ಲೈಬ್ರರಿಯ ಪಟ್ಟಿಯ ಜೊತೆಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದ ಕನ್ನಡ ಪುಸ್ತಕಗಳನ್ನೂ ಅದು ತೆಗೆದುಕೊಂಡಿತು. (ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ ಕಲಬುರಗಿ, ರಾಯಚೂರು, ಬೀದರ್ ಇದ್ದುದನ್ನು ನೆನೆದರೆ ಅಲ್ಲಿ ಕನ್ನಡ ಪುಸ್ತಕಗಳಿರುವುದು ಅಚ್ಚರಿಯಲ್ಲ.) ಹೆಸರುಗಳನ್ನು ಮತ್ತೆ ಕನ್ನಡ ಲಿಪಿಗೆ ತಂದುಕೊಡಿ ಎಂದು ‘ಸಮೂಹ ಸಂಚಯ’ದ ಮೂಲಕ ಓದುಗರನ್ನೇ ಕೇಳಿಕೊಂಡಿತು. ಇಂಥ ಕೆಲಸ ಎಲ್ಲೆಲ್ಲೋ ಕೂತವರಿಂದ, ಸಂಬಳವಿಲ್ಲದೆ ನಡೆಯುತ್ತದೆ. ನನಗೆ ಇದು ಕನ್ನಡ ಗ್ರಂಥಾಲಯ ಚರಿತ್ರೆಯ ದೊಡ್ಡ ಘಟನೆ ಅನಿಸುತ್ತದೆ. ಇದಕ್ಕೆ ಉದ್ಘಾಟನೆಯ ಫೋಟೊ ಇಲ್ಲದಿದ್ದುದರಿಂದ ನಾವು ಹಾಗೆ ಎಣಿಸಿಲ್ಲ.

2017ರ ಹೊತ್ತಿಗೆ ಡಿಜಿಟಲ್ ಲೈಬ್ರರಿಯ ತಾಣವೇ ಮುಚ್ಚಿತು. ಕಾರಣ ಹಕ್ಕುಸ್ವಾಮ್ಯ. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ವಾರಸುದಾರರದು. 1946ರಲ್ಲಿ ತೀರಿಕೊಂಡ ಕೈಲಾಸಂ, ಬಿ.ಎಂ.ಶ್ರೀ. ಅವರ ಪುಸ್ತಕಗಳನ್ನು ಯಾರೂ ಹಂಚಬಹುದು, 1994ರವರೆಗೆ ಬದುಕಿದ್ದ ಕುವೆಂಪು ಅವರದನ್ನು ಹಾಗೆ ಹಂಚುವಂತಿಲ್ಲ. ಸ್ಕ್ಯಾನ್ ಮಾಡುವ ಅವಸರದಲ್ಲಿ ಇದನ್ನು ಬೇರ್ಪಡಿಸಿರಲಿಲ್ಲ. ಇದೂ ಗ್ರಂಥಪಾಲಕರ ಕೆಲಸವೇ. ಬಹುಪಾಲು ಪುಸ್ತಕಗಳ ಪ್ರತಿಯನ್ನು ಕಾರ್ಲ್ ಮಲಮುದ್ ಎಂಬ ಅಮೆರಿಕನ್ ಅಷ್ಟರಲ್ಲಿ ಇಂಟರ್ನೆಟ್ ಆರ್ಕೈವ್‌ಗೆ ಸಾಗಿಸಿದ್ದರಿಂದ ಅವು ಬದುಕಿಕೊಂಡವು. ಇವತ್ತು ಅಲ್ಲಿ ಅವುಗಳ ಗುರುತು ಸಂಖ್ಯೆ ‘ಇನ್.ಅರ್ನೆಟ್.ಡಿಎಲ್‌ಐ.2015’ ಎಂದು ಶುರುವಾಗುತ್ತದೆ. ತವರಿನ ಬಾಗಿಲು ಮುಚ್ಚಿದರೂ ಹೆಸರಿನಲ್ಲಿ ತವರಿದೆ.

ಮುಂದಿನ ಸ್ಕ್ಯಾನಿಂಗ್ ನಡೆದದ್ದೂ ನಮ್ಮ ಕಡೆಯೇ. ಸದಾಶಿವನಗರದ ಭಾರತೀಯ ವಿಜ್ಞಾನ ಅಕಾಡೆಮಿಯಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಜ್’ ಎಂಬ ಯೋಜನೆ ಯಂತ್ರಗಳನ್ನಿಟ್ಟು ಕೆಲಸ ಶುರುಮಾಡಿತು. ಇಂಥ ಯಂತ್ರದಲ್ಲಿ ಪುಸ್ತಕದ ಬೆನ್ನು ಮುರಿಯದಂತೆ ತೊಟ್ಟಿಲಿನ ಹಾಗೆ ಅರ್ಧ ತೆರೆದು ಮಲಗಿಸಿ, ಮೇಲೆ ಗಾಜು ಇಳಿಸಿ, ಎರಡು ಕ್ಯಾಮೆರಾದಿಂದ ಎರಡೂ ಪುಟ ಹಿಡಿಯುತ್ತಾರೆ. ಹಾಳೆ ತಿರುವುವುದು ಈಗಲೂ ಕೈ.

ಇತ್ತ ಸರ್ಕಾರದ್ದು ಬೇರೆ ದಾರಿ. 2020ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಉಚಿತ ಸದಸ್ಯತ್ವದ ಡಿಜಿಟಲ್ ಗ್ರಂಥಾಲಯ ತೆರೆಯಿತು. ಅದೇ ವರ್ಷ ಕೊರೊನಾ ಬಂದು ಎಲ್ಲ ವಾಚನಾಲಯಗಳಿಗೂ ಬೀಗ ಬಿತ್ತು. ಗ್ರಾಮ ಪಂಚಾಯತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಹೋಗಿ ‘ಅರಿವು ಕೇಂದ್ರ’ಗಳಾದವು. ಅಲ್ಲಿ ಕೂರುವವರನ್ನು ಗ್ರಂಥಪಾಲಕರು ಎನ್ನುವುದಿಲ್ಲ, ಮೇಲ್ವಿಚಾರಕರು ಎನ್ನುತ್ತಾರೆ. ಪತ್ರಿಕೆ ಜೋಡಿಸುವುದು, ಕಂಪ್ಯೂಟರ್ ತೆರೆದುಕೊಡುವುದು, ಮಕ್ಕಳಿಗೆ ಕಥೆ ಓದಿಸುವುದು ಎಲ್ಲಾ ಅವರದೇ. ನಗರದ ಶಾಖೆಗಳಲ್ಲಿ ನಾನು ಕಾಣುವುದು ಹೆಚ್ಚಾಗಿ ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರನ್ನು. ಅವರಿಗೆ ಬೇಕಿರುವುದು ಕುರ್ಚಿ, ಫ್ಯಾನು ಮತ್ತು ಚಾರ್ಜರ್ ಚುಚ್ಚುವ ಜಾಗ. ಇದನ್ನು ಕೆಲವರು ಗ್ರಂಥಾಲಯದ ಅವನತಿ ಎನ್ನುತ್ತಾರೆ. ನನಗೆ ಹಾಗೇನೂ ಕಾಣುವುದಿಲ್ಲ. ಮನೆಯಲ್ಲಿ ಓದಲು ಜಾಗವಿಲ್ಲದವರು ಇನ್ನೆಲ್ಲಿಗೆ ಹೋಗಬೇಕು?

ಈಗ ಚಿತ್ರದಿಂದ ಅಕ್ಷರ ಓದುವ ಯಂತ್ರಗಳೂ ಬಂದಿವೆ. ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಲಿಪಿಗಾಗಿ ‘ಲಿಪಿ ಜ್ಞಾನಿ’ ಎಂಬುದನ್ನು ಮಾಡಿದೆ. ಒತ್ತಕ್ಷರ ತಪ್ಪದಿದ್ದರೆ ಪುಸ್ತಕದ ಒಳಗಿನ ಪದವನ್ನೂ ಹುಡುಕಬಹುದು. ಆದರೂ ಒಂದು ಕೆಲಸ ಉಳಿಯುತ್ತದೆ. ಹಳೆಯ ಮರದ ಡ್ರಾಯರುಗಳಲ್ಲಿ ‘ನೋಡಿ’ ಎಂಬ ಕಾರ್ಡುಗಳಿರುತ್ತಿದ್ದವು. ಶ್ರೀನಿವಾಸ: ನೋಡಿ, ಮಾಸ್ತಿ ವೆಂಕಟೇಶ ಅಯ್ಯಂಗಾರ್. ಅಂಬಿಕಾತನಯದತ್ತ: ನೋಡಿ, ಬೇಂದ್ರೆ. ವಿನಾಯಕ: ನೋಡಿ, ಗೋಕಾಕ್. ತ್ರಿವೇಣಿ, ಅನಸೂಯಾ ಶಂಕರ್ ಇಬ್ಬರೂ ಒಬ್ಬರೇ ಎನ್ನುವುದು ಅವರ ಯಾವ ಕಾದಂಬರಿಯ ಪುಟವನ್ನು ಯಂತ್ರ ಓದಿದರೂ ತಾನಾಗಿ ತಿಳಿಯುವುದಿಲ್ಲ. ಗೊತ್ತಿದ್ದ ಯಾರೋ ಒಬ್ಬರು ಕೂತು ಬರೆಯಬೇಕು. ಇಂಟರ್ನೆಟ್ ಆರ್ಕೈವ್‌ನ ಆ ಅರ್ನೆಟ್ ಸಾಲಿನಲ್ಲಿ ಎಷ್ಟೋ ಕನ್ನಡ ಪುಸ್ತಕಗಳು ಇವತ್ತಿಗೂ ರೋಮನ್ ಹೆಸರಿನಲ್ಲೇ ಇವೆ, ಹಳ್ಳಿಯೋ ಹಲ್ಲಿಯೋ ತಿಳಿಯದ ಹಾಗೆ.